ಕೋಚಿಂಗ್ ಬೇರೆ, ಮೆಂಟರಿಂಗ್ ಬೇರೆ



ಕಳೆದ ತಿಂಗಳು ನಮ್ಮ ದ್ವಿತೀಯ ಪಿಯುಸಿ ವಾಣಿಜ್ಯ ತರಗತಿಯಲ್ಲಿ ವ್ಯವಹಾರ ಅಧ್ಯಯನದ ಸ್ಟಾಫಿಂಗ್ ಪಾಠ ನಡೆಯುತ್ತಿತ್ತು. ಕೆಲಸ ಮಾಡುತ್ತಲೇ ಕಲಿಯುವ ತರಬೇತಿ ವಿಧಾನಗಳನ್ನು ಮೇಡಂ ಬೋರ್ಡಿನ ಮೇಲೆ ಬರೆದರು: ಅಪ್ರೆಂಟಿಸ್‌ಶಿಪ್, ಕೋಚಿಂಗ್, ಇಂಟರ್ನ್‌ಶಿಪ್, ಜಾಬ್ ರೊಟೇಷನ್. ಆಮೇಲೆ ನಮ್ಮ ಕಡೆ ತಿರುಗಿ, “ನಿಮ್ಮಲ್ಲಿ ಕೋಚಿಂಗ್‌ಗೆ ಹೋಗುವವರು ಎಷ್ಟು ಜನ?” ಎಂದು ಕೇಳಿದರು. ಮುಕ್ಕಾಲು ತರಗತಿ ಕೈ ಎತ್ತಿತು. “ಸರಿ, ಮೆಂಟರ್ ಇರುವವರು?” ಒಂದು ಕೈಯೂ ಮೇಲೇಳಲಿಲ್ಲ. ಮೇಡಂ ನಕ್ಕುಬಿಟ್ಟರು. “ನೋಟಿಸ್ ಬೋರ್ಡಿನಲ್ಲಿ ಮೆಂಟರ್ ಪಟ್ಟಿ ಹಾಕಿ ನಾಲ್ಕು ತಿಂಗಳಾಯಿತು. ನಿಮ್ಮಲ್ಲಿ 26 ಜನರಿಗೆ ನಾನೇ ಮೆಂಟರ್!”

ಆಗ ನೆನಪಾಯಿತು. ವರ್ಷದ ಆರಂಭದಲ್ಲಿ ಒಂದು ಫಾರಂ ಕೊಟ್ಟಿದ್ದರು. ಹೆಸರು, ವಿಳಾಸ, ತಂದೆಯ ಉದ್ಯೋಗ, ಕೊನೆಗೆ ‘ಯಾವುದಾದರೂ ಸಮಸ್ಯೆ ಇದೆಯೇ?’ ಎಂಬ ಒಂದು ಕಾಲಮ್. ನಾವು 26 ಜನರೂ ಅದರಲ್ಲಿ ‘ಇಲ್ಲ’ ಎಂದು ಬರೆದು ಐದೇ ನಿಮಿಷದಲ್ಲಿ ವಾಪಸ್ ಕೊಟ್ಟಿದ್ದೆವು. ನನ್ನ ಬಗ್ಗೆ ಹೇಳುವುದಾದರೆ, ಆ ಸಮಯದಲ್ಲಿ ಲೆಕ್ಕಶಾಸ್ತ್ರದ ಟೆಸ್ಟಿನಲ್ಲಿ ನನಗೆ 80ಕ್ಕೆ 29 ಬಂದಿತ್ತು. ಮುಂದೆ ಸಿಎ ಮಾಡುವುದೋ ಬಿಕಾಂ ಮಾಡುವುದೋ ಎಂದು ಮನೆಯಲ್ಲಿ ದಿನಾ ರಾತ್ರಿ ಚರ್ಚೆ ನಡೆಯುತ್ತಿತ್ತು. ಆದರೂ ನಾನು ಬರೆದದ್ದು ‘ಇಲ್ಲ’.

ಈ ಎರಡು ಪದಗಳ ವ್ಯತ್ಯಾಸದ ಮೇಲೆ ವಾರ್ತಾಪತ್ರಕ್ಕೆ ಬರೆದುಕೊಡು ಎಂದು ಮೇಡಂ ನನಗೇ ಹೇಳಿದರು. ಮೊದಲು ನಾನು ಒಂದು ಟೇಬಲ್ ಹಾಕಿದೆ. ಎಡಗಡೆ ಕೋಚಿಂಗ್: ಕಡಿಮೆ ಅವಧಿ, ನಿರ್ದಿಷ್ಟ ಗುರಿ. ಬಲಗಡೆ ಮೆಂಟರಿಂಗ್: ದೀರ್ಘ ಅವಧಿ, ಸಮಗ್ರ ಬೆಳವಣಿಗೆ. ಮೇಡಂ ಅದನ್ನು ಓದಿ ಹಿಂದಕ್ಕೆ ಕೊಟ್ಟರು. “ಇದು ಪರೀಕ್ಷೆಯ ಉತ್ತರ. ನಿನ್ನ ಹತ್ತಿರ ಇದಕ್ಕಿಂತ ಹೆಚ್ಚು ಇದೆ” ಎಂದರು. ಹಾಗಾಗಿ ಇದು ಎರಡನೇ ಪ್ರಯತ್ನ.

ಪದಗಳಿಂದಲೇ ಶುರು ಮಾಡುತ್ತೇನೆ. ಹಂಗೇರಿ ದೇಶದಲ್ಲಿ ಕೋಚ್ ಎಂಬ ಹಳ್ಳಿಯಿದೆ. 15ನೇ ಶತಮಾನದ ಹೊತ್ತಿಗೆ ಅಲ್ಲಿ ತಯಾರಾಗುತ್ತಿದ್ದ ಕುದುರೆ ಗಾಡಿಗಳು ಹೆಸರುವಾಸಿಯಾಗಿದ್ದವು. ಊರಿನ ಹೆಸರೇ ಗಾಡಿಗೆ ಬಂತು. ನಾವು ಇಂದಿಗೂ ರೈಲಿನ ಬೋಗಿಗೆ ಕೋಚ್ ಎನ್ನುತ್ತೇವಲ್ಲ, ಅದು ಅದೇ ಪದ. 1830ರ ದಶಕದಲ್ಲಿ ಆಕ್ಸ್‌ಫರ್ಡ್ ವಿದ್ಯಾರ್ಥಿಗಳು ಪರೀಕ್ಷೆಗೆ ತಯಾರಿ ಮಾಡಿಸುವ ಖಾಸಗಿ ಶಿಕ್ಷಕರನ್ನು ತಮಾಷೆಗೆ ‘ಕೋಚ್’ ಎಂದು ಕರೆಯತೊಡಗಿದರು. ಪರೀಕ್ಷೆ ಎಂಬ ಊರಿಗೆ ನಮ್ಮನ್ನು ಹೊತ್ತುಕೊಂಡು ಹೋಗುವ ಗಾಡಿ ಎಂಬ ಅರ್ಥದಲ್ಲಿ. ಅಂದರೆ ನಮ್ಮ ಟ್ಯೂಷನ್ ಬೋರ್ಡುಗಳ ಮೇಲಿರುವ ಕೋಚಿಂಗ್ ಪದ ಪರೀಕ್ಷೆಯ ಹೊಸ್ತಿಲಲ್ಲೇ ಹುಟ್ಟಿದ್ದು. ಆಟದ ಮೈದಾನಕ್ಕೆ ಅದು ಹೋದದ್ದು ಆಮೇಲೆ.

ಮೆಂಟರ್ ಎಂಬುದು ಒಬ್ಬ ಮನುಷ್ಯನ ಹೆಸರು. ಹೋಮರನ ‘ಒಡಿಸ್ಸಿ’ ಎಂಬ ಗ್ರೀಕ್ ಮಹಾಕಾವ್ಯದಲ್ಲಿ ಒಡಿಸ್ಸಿಯಸ್ ರಾಜ ಟ್ರಾಯ್ ಯುದ್ಧಕ್ಕೆ ಹೋಗುವಾಗ ಮನೆಯ ಜವಾಬ್ದಾರಿಯನ್ನು ಮೆಂಟರ್ ಎಂಬ ಗೆಳೆಯನಿಗೆ ಒಪ್ಪಿಸುತ್ತಾನೆ. ತಮಾಷೆಯೆಂದರೆ ಕತೆಯಲ್ಲಿ ಆ ಮೆಂಟರ್ ಹೇಳಿಕೊಳ್ಳುವಂಥದ್ದೇನೂ ಮಾಡುವುದಿಲ್ಲ. ರಾಜಕುಮಾರ ಟೆಲಿಮಾಕಸ್‌ಗೆ ಧೈರ್ಯ ತುಂಬಿ, ತಂದೆಯನ್ನು ಹುಡುಕಲು ಹೊರಡಿಸುವುದು ಮೆಂಟರನ ವೇಷದಲ್ಲಿ ಬರುವ ಅಥೀನಾ ದೇವತೆ. 1699ರಲ್ಲಿ ಫ್ರಾನ್ಸಿನ ಫೆನೆಲಾನ್ ಎಂಬ ಲೇಖಕ ಟೆಲಿಮಾಕಸ್‌ನ ಪ್ರಯಾಣದ ಬಗ್ಗೆ ಒಂದು ಪುಸ್ತಕ ಬರೆದು ಅದರಲ್ಲಿ ಮೆಂಟರನಿಗೆ ದೊಡ್ಡ ಪಾತ್ರ ಕೊಟ್ಟ. ಹೆಸರು ಯೂರೋಪಿನ ತುಂಬ ಹರಡಿದ್ದು ಅಲ್ಲಿಂದ. ಇಲ್ಲಿ ಗಮನಿಸಬೇಕಾದದ್ದು, ಟೆಲಿಮಾಕಸ್‌ಗೆ ಯಾವ ಪರೀಕ್ಷೆಯೂ ಇರಲಿಲ್ಲ. ಮುಂದೆ ಏನು ಮಾಡಬೇಕು ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಇದನ್ನೆಲ್ಲ ಮನೆಯಲ್ಲಿ ಹೇಳುತ್ತಿದ್ದಾಗ ಅಬ್ಬಾ ಕೈಯಲ್ಲಿದ್ದ ಚಹಾ ಕೆಳಗಿಟ್ಟು, “ಇದಕ್ಕೆ ಗ್ರೀಸ್‌ವರೆಗೂ ಯಾಕೆ ಹೋಗ್ತೀಯಾ? ತಾಲೀಮ್ ಬೇರೆ, ತರ್ಬಿಯತ್ ಬೇರೆ. ಅಷ್ಟೇ ಅಲ್ಲವಾ?” ಎಂದರು. ನಮ್ಮ ಮನೆಮಾತು ಉರ್ದು. ಅದರಲ್ಲಿ ತಾಲೀಮ್ ಎಂದರೆ ಓದು, ಕಲಿಕೆ. ತರ್ಬಿಯತ್ ಎಂದರೆ ಮನುಷ್ಯನನ್ನು ರೂಪಿಸುವುದು, ಬೆಳೆಸುವುದು. ಆ ಎರಡೂ ಪದಗಳು ಕನ್ನಡಕ್ಕೆ ಬಂದು ಅರ್ಥ ಸ್ವಲ್ಪ ಬದಲಿಸಿಕೊಂಡಿವೆ. ಗರಡಿ ಮನೆಯಲ್ಲಿ ಮತ್ತು ನಾಟಕದಲ್ಲಿ ತಾಲೀಮು ಎಂದರೆ ಮತ್ತೆ ಮತ್ತೆ ಮಾಡುವ ಅಭ್ಯಾಸ. ತರ್ಬಿಯತ್ ‘ತರಬೇತಿ’ಯಾಗಿ ಸರ್ಕಾರಿ ಕಚೇರಿ ಸೇರಿದೆ. ಗರಡಿಯ ‘ವಸ್ತಾದ್’ ಕೂಡ ನಮ್ಮ ಉಸ್ತಾದ್‌ನೇ. ನಮ್ಮ ದಾವಣಗೆರೆಯವರಿಗೆ ಗರಡಿಯನ್ನೂ ವಸ್ತಾದರನ್ನೂ ಹೊಸದಾಗಿ ಪರಿಚಯಿಸಬೇಕಾಗಿಲ್ಲ. ಹೀಗೆ ಯೋಚಿಸಿದರೆ ಕೋಚಿಂಗ್ ಎಂದರೆ ತಾಲೀಮು, ಮೆಂಟರಿಂಗ್ ಎಂದರೆ ಹಳೆಯ ಅರ್ಥದ ತರ್ಬಿಯತ್.

ಈಗ ನನ್ನ 29 ಅಂಕದ ಕತೆ. ನಾನು ಸೇರಿದ ಕೋಚಿಂಗ್‌ನ ಸರ್ ಮೊದಲ ದಿನ ಪಾಠ ಮಾಡಲಿಲ್ಲ. ನನ್ನ ಹಳೆಯ ಉತ್ತರ ಪತ್ರಿಕೆಗಳನ್ನು ತರಿಸಿಕೊಂಡು ಒಂದೊಂದಾಗಿ ನೋಡಿದರು. “ನಿನಗೆ ಅಕೌಂಟ್ಸ್ ಬರುತ್ತೆ. ಭಿನ್ನರಾಶಿ ಬರಲ್ಲ” ಎಂದರು. ನನಗೆ ನಾಚಿಕೆಯಾಯಿತು, ಆದರೆ ಅದು ಸತ್ಯವಾಗಿತ್ತು. ಎ ಮತ್ತು ಬಿ 3:2ರಲ್ಲಿ ಲಾಭ ಹಂಚಿಕೊಳ್ಳುವ ಪಾಲುದಾರರು, ಸಿ 1/5 ಪಾಲಿಗೆ ಹೊಸದಾಗಿ ಬರುತ್ತಾನೆ, ಹೊಸ ಅನುಪಾತ ಎಷ್ಟು? ನಾನು ಪ್ರತಿ ಸಲ 3:2:1 ಎಂದು ಬರೆಯುತ್ತಿದ್ದೆ. ಹಾಗೆ ಬರೆದರೆ ಸಿಗೆ ಸಿಗುವುದು 1/6, 1/5 ಅಲ್ಲ. ಸರಿಯಾದ ದಾರಿ ಎಂದರೆ ಸಿಗೆ 1/5 ತೆಗೆದಿಟ್ಟು, ಉಳಿದ 4/5 ಅನ್ನು 3:2ರಲ್ಲಿ ಹಂಚುವುದು. ಎಗೆ 12/25, ಬಿಗೆ 8/25, ಸಿಗೆ 5/25. ಉತ್ತರ 12:8:5. ಈ ಒಂದೇ ತಪ್ಪು ಮುಂದೆ ತ್ಯಾಗದ ಅನುಪಾತ, ಗುಡ್‌ವಿಲ್, ಬಂಡವಾಳ ಖಾತೆ ಎಲ್ಲವನ್ನೂ ಕೆಡಿಸುತ್ತಿತ್ತು. ಸರ್ ಎರಡು ವಾರ ನನ್ನಿಂದ ಬರೀ ಭಿನ್ನರಾಶಿ ಮಾಡಿಸಿದರು, ದಿನಕ್ಕೆ 20 ಲೆಕ್ಕ. ಗಡಿಯಾರ ಇಟ್ಟು ಮಾಡಿಸಿದರು. ಮುಂದಿನ ಟೆಸ್ಟಿನಲ್ಲಿ 51 ಬಂತು, ಅದರ ಮುಂದಿನದರಲ್ಲಿ 66.

ಒಳ್ಳೆಯ ಕೋಚಿಂಗ್ ಎಂದರೆ ಹೀಗಿರುತ್ತದೆ ಎಂದು ನಾನು ತಿಳಿದಿದ್ದೇನೆ. ತಪ್ಪು ಎಲ್ಲಿದೆ ಎಂದು ಬೆರಳಿಟ್ಟು ತೋರಿಸುವುದು, ಅದನ್ನು ಸರಿಪಡಿಸುವ ಅಭ್ಯಾಸ ಕೊಡುವುದು, ಅಳೆದು ನೋಡುವುದು. ಶುರುವಾದ ದಿನವೂ ಗೊತ್ತು, ಮುಗಿಯುವ ದಿನವೂ ಗೊತ್ತು, ಫೀಸೂ ಗೊತ್ತು. ಇದನ್ನು ಕೀಳಾಗಿ ನೋಡುವವರಿದ್ದಾರೆ. “ಅದೆಲ್ಲ ಬರೀ ಮಾರ್ಕ್ಸಿಗೆ” ಎನ್ನುತ್ತಾರೆ. 29 ಬಂದವರಿಗೆ ಮಾರ್ಕ್ಸು ಬರಿಯಲ್ಲ.

ತಪ್ಪು ಮಾಡಿದ್ದು ನಾನು. ಅಷ್ಟು ಚೆನ್ನಾಗಿ ಕಲಿಸಿದವರಿಗೆ ಎಲ್ಲವೂ ಗೊತ್ತಿರುತ್ತದೆ ಎಂದುಕೊಂಡು ಒಂದು ಸಂಜೆ ಕೇಳಿದೆ: “ಸರ್, ನಾನು ಸಿಎ ಮಾಡಬಹುದಾ? ಬಿಕಾಂ ಮಾಡಿದರೆ ಸಾಕಾ?” ಸರ್ ಹೇಳಿದರು, “ಫೌಂಡೇಷನ್ ಬ್ಯಾಚ್ 15ನೇ ತಾರೀಖು ಶುರು. ಹುಡುಗಿಯರಿಗೆ ಸೀಟು ನಾಲ್ಕೇ ಉಳಿದಿವೆ. ಫೀಸು ಎರಡು ಕಂತಿನಲ್ಲಿ ಕಟ್ಟಬಹುದು.” ಮನೆಗೆ ಬಂದು ಹೇಳಿದಾಗ ಅಮ್ಮಿ ಕೇಳಿದ್ದು ಬ್ಯಾಚ್ ಎಷ್ಟು ಹೊತ್ತಿಗೆ ಬಿಡುತ್ತೆ ಎಂದು. ಅಬ್ಬಾ ಕೇಳಿದ್ದು ಫೀಸು ಎಷ್ಟು ಎಂದು. ರಾತ್ರಿ 8:30 ಮತ್ತು 30,000. ಅಂದು ಯಾರೂ ಸರಿಯಾಗಿ ಊಟ ಮಾಡಲಿಲ್ಲ.

ಸರ್ ಮೇಲೆ ಆಗ ನನಗೆ ಸಿಟ್ಟು ಬಂದಿತ್ತು. ಈಗಿಲ್ಲ. ಸಿಎ ಫೌಂಡೇಷನ್ ಪಾಸು ಮಾಡುವುದು ಹೇಗೆ ಎಂದು ಕೇಳಿದ್ದರೆ ಅವರು ಪೂರ್ತಿ ಹೇಳುತ್ತಿದ್ದರು: ನಾಲ್ಕು ಪೇಪರು, ಒಟ್ಟು 400 ಅಂಕ, ಪ್ರತಿಯೊಂದರಲ್ಲೂ ಕನಿಷ್ಠ 40, ಎಲ್ಲ ಸೇರಿ ಕನಿಷ್ಠ 200, ಕೊನೆಯ ಎರಡು ಪೇಪರಿನಲ್ಲಿ ಒಂದು ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ನಾನು ಕೇಳಿದ್ದು ‘ಹೇಗೆ’ ಎಂದಲ್ಲ, ‘ಯಾವುದು’ ಎಂದು. ಆ ಪ್ರಶ್ನೆಗೆ ಉತ್ತರ ಕೊಡಲು ಲೆಕ್ಕಶಾಸ್ತ್ರ ಗೊತ್ತಿದ್ದರೆ ಸಾಲದು, ನಾನು ಯಾರು ಎಂದು ಗೊತ್ತಿರಬೇಕು. ಬ್ಯಾಚಿನಲ್ಲಿ 60 ಜನರಿರುವಾಗ ಅದು ಅವರಿಗೆ ಹೇಗೆ ಗೊತ್ತಾಗಬೇಕು?

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಕಂಪನಿಗಳಲ್ಲಿ ಈಗ ಕೋಚಿಂಗ್ ಎನ್ನುವುದು ನಮ್ಮ ಟ್ಯೂಷನ್ನಿನಂಥದ್ದಲ್ಲ. ಅಮೆರಿಕದ ಟೆನ್ನಿಸ್ ತರಬೇತುದಾರ ತಿಮೊಥಿ ಗಾಲ್ವೆ 1974ರಲ್ಲಿ ಒಂದು ಪುಸ್ತಕ ಬರೆದರು. ಬ್ಯಾಟನ್ನು ಹೀಗೆ ಹಿಡಿ, ಕಾಲನ್ನು ಹಾಗೆ ಇಡು ಎಂದು ಹೇಳುವುದರ ಬದಲು ಅವರು ಆಟಗಾರನಿಗೆ ಒಂದೇ ಕೆಲಸ ಕೊಡುತ್ತಿದ್ದರು: ಚೆಂಡು ನೆಲಕ್ಕೆ ಬಿದ್ದಾಗ ‘ಬೌನ್ಸ್’ ಎನ್ನು, ಬ್ಯಾಟಿಗೆ ತಾಗಿದಾಗ ‘ಹಿಟ್’ ಎನ್ನು. ಗಮನ ಚೆಂಡಿನ ಮೇಲೆ ನಿಂತರೆ ಉಳಿದದ್ದು ತಾನಾಗಿಯೇ ಸರಿಹೋಗುತ್ತದೆ ಎಂಬುದು ಅವರ ನಂಬಿಕೆ. ಈ ವಿಚಾರವನ್ನು ಕಂಪನಿಗಳ ಜಗತ್ತಿಗೆ ತಂದವರಲ್ಲಿ ಮುಖ್ಯರು ಬ್ರಿಟನ್ನಿನ ಜಾನ್ ವಿಟ್ಮೋರ್. ಅವರು ಮೊದಲು ಕಾರ್ ರೇಸ್ ಓಡಿಸುತ್ತಿದ್ದವರು. 1992ರ ಅವರ ಪುಸ್ತಕದಿಂದ ‘ಗ್ರೋ’ ಎಂಬ ಕ್ರಮ ಹೆಸರಾಯಿತು. ನಿನ್ನ ಗುರಿ ಏನು, ಈಗಿನ ಸ್ಥಿತಿ ಏನು, ಯಾವ ಯಾವ ದಾರಿಗಳಿವೆ, ಅದರಲ್ಲಿ ಯಾವುದನ್ನು ಯಾವಾಗ ಮಾಡುತ್ತೀಯಾ ಎಂಬ ನಾಲ್ಕು ಹಂತದ ಪ್ರಶ್ನೆಗಳು. ಅಲ್ಲಿ ಕೋಚ್ ಉತ್ತರ ಕೊಡುವುದಿಲ್ಲ, ಪ್ರಶ್ನೆ ಕೇಳುತ್ತಾನೆ. ಅವನಿಗೆ ನಮ್ಮ ಕೆಲಸದ ಅನುಭವ ಇರಲೇಬೇಕೆಂದಿಲ್ಲ. ಮೆಂಟರ್‌ಗೆ ಮಾತ್ರ ಇರಲೇಬೇಕು, ಯಾಕೆಂದರೆ ಅವನು ಆ ದಾರಿಯಲ್ಲಿ ನಡೆದು ಎಡವಿದವನು. ಬೇಕಿದ್ದರೆ ಈ ನಾಲ್ಕು ಪ್ರಶ್ನೆಗಳನ್ನು ನೀವೇ ಒಂದು ಹಾಳೆಯ ಮೇಲೆ ಬರೆದು ಉತ್ತರಿಸಿ ನೋಡಿ. ನಾನು ಬರೆದಾಗ ಮೊದಲನೆಯದರಲ್ಲೇ ಸಿಕ್ಕಿಹಾಕಿಕೊಂಡೆ. ಗುರಿಯ ಜಾಗ ಖಾಲಿಯಿತ್ತು.

ನಮ್ಮ ಹಿಂದಿನ ಬೀದಿಯಲ್ಲಿ ಅಮ್ಮಿಯ ಗೆಳತಿಯೊಬ್ಬರಿದ್ದಾರೆ. ನಾವೆಲ್ಲ ಖಾಲಾ ಎನ್ನುತ್ತೇವೆ. ಬಿಕಾಂ ಮಾಡಿ 18 ವರ್ಷದಿಂದ ಒಬ್ಬ ಆಡಿಟರ್ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದಾರೆ. ಅಮ್ಮಿ ಒಂದು ಭಾನುವಾರ ನನ್ನನ್ನು ಅವರ ಮನೆಗೆ ಕರೆದುಕೊಂಡು ಹೋದರು. ನಾನು ಅದೇ ಪ್ರಶ್ನೆ ಕೇಳಿದೆ. ಖಾಲಾ ಉತ್ತರ ಕೊಡದೆ, “ಬೇಟಾ, ಆಡಿಟರ್ ಆಫೀಸು ಒಳಗೆ ಹೇಗಿರುತ್ತೆ ಅಂತ ನೋಡಿದ್ದೀಯಾ?” ಎಂದರು. ನೋಡಿರಲಿಲ್ಲ. ಸಿಎ ಎಂದರೆ ನನ್ನ ಕಣ್ಣ ಮುಂದೆ ಇದ್ದದ್ದು ಹೆಸರಿನ ಹಿಂದೆ ಎರಡು ಅಕ್ಷರ, ಮೇಜು, ಎಸಿ ರೂಮು. ಆಮೇಲೆ ಖಾಲಾ ತಮ್ಮ ತಿಂಗಳನ್ನು ವಿವರಿಸಿದರು. ತಿಂಗಳ ಲೆಕ್ಕ ಸಲ್ಲಿಸುವ ವ್ಯಾಪಾರಿಗಳ ಜಿಎಸ್‌ಟಿ ಮಾರಾಟದ ವಿವರ 11ಕ್ಕೆ ಹೋಗಬೇಕು, ತೆರಿಗೆ ಕಟ್ಟುವ ರಿಟರ್ನ್ 20ಕ್ಕೆ. “ಆ ಎರಡು ತಾರೀಖಿನ ಹಿಂದೆ ಮುಂದೆ ನನಗೆ ಫೋನ್ ಮಾಡಬೇಡ.” ಚೀಲದ ತುಂಬ ಬಿಲ್ಲು ತಂದು ಸುರಿಯುವ ವ್ಯಾಪಾರಿಗಳು, ಕೊನೆಯ ಗಳಿಗೆಯಲ್ಲಿ ಕೈಕೊಡುವ ಪೋರ್ಟಲ್ಲು. ಅದರ ಮಧ್ಯೆ ಒಂದು ಲೆಕ್ಕ ಪೈಸೆಗೆ ಪೈಸೆ ಹೊಂದಿದಾಗ ಆಗುವ ಖುಷಿಯನ್ನೂ ಹೇಳಿದರು. ಆ ಖುಷಿ ನನಗೆ ಗೊತ್ತಿತ್ತು. ಬ್ಯಾಲೆನ್ಸ್ ಶೀಟಿನ ಎರಡೂ ಬದಿ ಕೂಡಿದಾಗ ನಾನು ಕೊಠಡಿಯಲ್ಲಿ ಒಬ್ಬಳೇ ನಗುತ್ತೇನೆ.

ಆಮೇಲೆ ಅವರು ತಮ್ಮದೇ ವಿಷಯ ಹೇಳಿದರು. ಅವರೂ ಸಿಎಗೆ ಸೇರಿದ್ದರಂತೆ. ಮಧ್ಯದ ಹಂತದಲ್ಲಿ ಒಂದು ಗುಂಪು ಪಾಸಾಗಿ ಇನ್ನೊಂದು ಎರಡು ಸಲ ಹೋಯಿತಂತೆ, ಅಷ್ಟರಲ್ಲಿ ಮದುವೆಯಾಯಿತಂತೆ. “ಫೇಲಾದದ್ದಕ್ಕೆ ಬೇಜಾರಿಲ್ಲ. ಎರಡು ಸಲ ಫೇಲಾಗುವುದು ಅಲ್ಲಿ ಮಾಮೂಲು ಅಂತ ಯಾರೂ ಹೇಳಲಿಲ್ಲ ನೋಡು, ಅದಕ್ಕೆ ಬೇಜಾರು. ನಾನೊಬ್ಬಳೇ ದಡ್ಡಿ ಅಂದುಕೊಂಡು ಬಿಟ್ಟುಬಿಟ್ಟೆ” ಎಂದರು. ಅಮ್ಮಿ ಏನೂ ಮಾತಾಡಲಿಲ್ಲ. ದಾರಿಯಲ್ಲಿ ಬರುವಾಗ ಮಾತ್ರ, “ಬ್ಯಾಚು ಬೆಳಿಗ್ಗೆ ಇದೆಯಾ ಕೇಳು” ಎಂದರು.

ಖಾಲಾ ನನಗೆ ಸಿಎ ಮಾಡು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಮುಂದಿನ ವಾರ ನಾನು ಗುಡ್‌ವಿಲ್‌ನ ಒಂದು ಕಷ್ಟದ ಲೆಕ್ಕ ತೆಗೆದುಕೊಂಡು ಹೋದೆ. ಅವರು ಕನ್ನಡಕ ಹಾಕಿಕೊಂಡು ಹತ್ತು ನಿಮಿಷ ನೋಡಿ ಪುಸ್ತಕ ಮುಚ್ಚಿದರು. “ಇದೆಲ್ಲ ಮರೆತುಹೋಯಿತಮ್ಮ. ನಿಮ್ಮ ಸರ್‌ನ ಕೇಳು.” ಹೀಗೆ ನಾನು ಇಬ್ಬರ ಹತ್ತಿರವೂ ಒಂದೊಂದು ಸಲ ತಪ್ಪು ಪ್ರಶ್ನೆ ತೆಗೆದುಕೊಂಡು ಹೋಗಿದ್ದಾಯಿತು.

ಇಬ್ಬರ ಕೆಲಸವನ್ನೂ ಒಬ್ಬರೇ ಮಾಡುವುದಿಲ್ಲವೇ? ಮಾಡುತ್ತಾರೆ. ನನ್ನ ಅಬ್ಬಾ ದರ್ಜಿ. ಏಳನೇ ತರಗತಿ ಮುಗಿಸಿ ಒಬ್ಬ ಉಸ್ತಾದರ ಹತ್ತಿರ ಶಾಗಿರ್ದ್ ಆಗಿ ಸೇರಿದವರು. ಮೊದಲ ವರ್ಷ ಕಾಜಾ, ಗುಂಡಿ, ತುರಪಿ ಬಿಟ್ಟರೆ ಬೇರೆ ಕೆಲಸವಿಲ್ಲ. ಆಮೇಲೆ ಜೇಬು, ಕಾಲರ್. ಕತ್ತರಿ ಕೈಗೆ ಬಂದದ್ದು ನಾಲ್ಕನೇ ವರ್ಷ. ಒಂದು ಕಾಲರನ್ನು ಮೂರು ಸಲ ಬಿಚ್ಚಿಸಿ ಹೊಲಿಸುತ್ತಿದ್ದರಂತೆ. ಅದು ಕೋಚಿಂಗ್. ಅಬ್ಬಾ ಸ್ವಂತ ಅಂಗಡಿ ಹಾಕುತ್ತೇನೆ, ಮಾರ್ಕೆಟ್ಟಿನಲ್ಲಿ ಪ್ಯಾಂಟು-ಶರ್ಟು ಹೊಲಿಯುತ್ತೇನೆ ಎಂದಾಗ ಉಸ್ತಾದ್ ಹೇಳಿದರಂತೆ: “ರೆಡಿಮೇಡ್ ಬರ್ತಾ ಇದೆ. ಇನ್ನು ಹತ್ತು ವರ್ಷಕ್ಕೆ ಪ್ಯಾಂಟು ಹೊಲಿಸುವವರು ಸಿಗಲ್ಲ. ಶಾಲೆ ಹತ್ತಿರ ಅಂಗಡಿ ನೋಡು, ಯೂನಿಫಾರಂ ಹೊಲಿ. ಮಕ್ಕಳು ವರ್ಷ ವರ್ಷ ಬೆಳೀತಾವೆ.” ಇದು ಮೆಂಟರಿಂಗ್. ಅಬ್ಬಾಗೆ ಅದು ಹಿಡಿಸಲಿಲ್ಲ. ತನ್ನ ಗಿರಾಕಿಗಳು ಹೋಗುತ್ತಾರೆಂದು ಮುದುಕ ಹೆದರಿದ್ದಾನೆ ಎಂದುಕೊಂಡು ಮಾರ್ಕೆಟ್ಟಿನಲ್ಲೇ ಅಂಗಡಿ ಹಾಕಿದರು. ಒಂದು ವರ್ಷ ಇಬ್ಬರಿಗೂ ಮಾತಿರಲಿಲ್ಲ. ಬಾಡಿಗೆ ಕಟ್ಟಲಾಗದೆ ಹೋದಾಗ ಅಬ್ಬಾ ತಾವಾಗಿಯೇ ಹೋದರು. ಶಾಲೆಯ ಪಕ್ಕದ ಅಂಗಡಿಗೆ ಮಾತಾಡಿ ಕೊಡಿಸಿದ್ದು ಆ ಉಸ್ತಾದರೇ. ಈಗ ನಮ್ಮ ಮನೆಯಲ್ಲಿ ಜೂನ್ ತಿಂಗಳೆಂದರೆ ಅಡುಗೆಮನೆಯವರೆಗೂ ನೀಲಿ ಬಟ್ಟೆ. ನನ್ನ ಫೀಸು ಬರುವುದು ಅಲ್ಲಿಂದ.

ಅಮೆರಿಕದ ಕ್ಯಾಥಿ ಕ್ರಾಮ್ ಎಂಬ ಸಂಶೋಧಕಿ 1985ರಲ್ಲಿ ಕೆಲಸದ ಸ್ಥಳದ ಮೆಂಟರಿಂಗ್ ಕುರಿತು ಪುಸ್ತಕ ಬರೆದರು. ಮೆಂಟರ್ ಎರಡು ರೀತಿಯಲ್ಲಿ ನೆರವಾಗುತ್ತಾನೆ ಎಂದರು: ಒಂದು ವೃತ್ತಿಗೆ, ಅಂದರೆ ಅವಕಾಶ ಕೊಡಿಸುವುದು, ನಾಲ್ಕು ಜನರ ಮುಂದೆ ತರುವುದು; ಇನ್ನೊಂದು ಮನಸ್ಸಿಗೆ, ಅಂದರೆ ಧೈರ್ಯ, ಗೆಳೆತನ, ತಾನೇ ಮಾದರಿಯಾಗುವುದು. ಈ ಸಂಬಂಧ ನಾಲ್ಕು ಹಂತಗಳಲ್ಲಿ ಸಾಗುತ್ತದೆ ಎಂದೂ ಹೇಳಿದರು: ಆರಂಭ, ಬೆಳವಣಿಗೆ, ಬೇರ್ಪಡುವಿಕೆ, ಆಮೇಲೆ ಹೊಸ ರೂಪದ ಸಂಬಂಧ. ಮೂರನೇ ಹಂತವನ್ನು ಓದಿದಾಗ ನನಗೆ ಅಬ್ಬಾ ಮಾತು ಬಿಟ್ಟ ಆ ಒಂದು ವರ್ಷ ನೆನಪಾಯಿತು. ಓದಿ ಹೇಳಿದೆ. ಅಬ್ಬಾ, “ಆಯಮ್ಮನಿಗೆ ನಮ್ಮ ಉಸ್ತಾದ್ ಹೇಗೆ ಗೊತ್ತು?” ಎಂದರು.

ನಮಗೆಲ್ಲ ಪರಿಚಿತವಾದ ಒಂದು ಜೀವನದಲ್ಲೂ ಈ ಎರಡನ್ನೂ ನೋಡಬಹುದು. ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ತಮ್ಮ ಆತ್ಮಕಥೆಯಲ್ಲಿ ಇಬ್ಬರು ಬೇರೆ ಬೇರೆ ರೀತಿಯ ಜನರನ್ನು ನೆನೆಯುತ್ತಾರೆ. ಒಬ್ಬರು ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ನಿರ್ದೇಶಕ ಪ್ರೊ. ಶ್ರೀನಿವಾಸನ್. ವಿಮಾನದ ವಿನ್ಯಾಸದ ಕೆಲಸ ಹಿಂದೆ ಬಿದ್ದಾಗ ಮೂರು ದಿನ ಗಡುವು ಕೊಟ್ಟು, ಮುಗಿಸದಿದ್ದರೆ ವಿದ್ಯಾರ್ಥಿವೇತನ ನಿಲ್ಲುತ್ತದೆ ಎಂದರು. ಕಲಾಂ ರಾತ್ರಿ ನಿದ್ದೆಗೆಟ್ಟು ಮುಗಿಸಿದರು. ಇನ್ನೊಬ್ಬರು ರಾಮೇಶ್ವರದ ಜಲಾಲುದ್ದೀನ್. ವಯಸ್ಸಿನಲ್ಲಿ ಸುಮಾರು 15 ವರ್ಷ ದೊಡ್ಡವರು. ಚಿಕ್ಕ ಹುಡುಗನ ಜೊತೆ ಸಂಜೆ ನಡೆಯುತ್ತಾ ದ್ವೀಪದ ಆಚೆಗಿನ ಪ್ರಪಂಚದ ಬಗ್ಗೆ ಮಾತಾಡುತ್ತಿದ್ದರು. ಅವರು ಮುಂದೆ ಕಲಾಂ ಅವರ ಅಕ್ಕ ಜೊಹರಾರನ್ನು ಮದುವೆಯಾದರು. ಮದ್ರಾಸಿನ ಕಾಲೇಜಿಗೆ ಸೇರಲು ಬೇಕಾಗಿದ್ದ ಸುಮಾರು 1,000 ರೂಪಾಯಿಗೆ ಬಳೆ, ಸರ ಅಡವಿಟ್ಟದ್ದು ಆ ಅಕ್ಕನೇ. ಶ್ರೀನಿವಾಸನ್ ಇಲ್ಲದಿದ್ದರೆ ಆ ವಿನ್ಯಾಸ ಮುಗಿಯುತ್ತಿರಲಿಲ್ಲ. ಜಲಾಲುದ್ದೀನ್ ಇಲ್ಲದಿದ್ದರೆ ಬಹುಶಃ ಆ ಹುಡುಗ ಅಷ್ಟು ದೂರ ಹೋಗುವ ಆಸೆಯನ್ನೇ ಪಡುತ್ತಿರಲಿಲ್ಲ.

ಕಲಾಂ ಹೇಳುತ್ತಿದ್ದ ಇನ್ನೊಂದು ಘಟನೆ ನಿಮಗೆ ಗೊತ್ತಿರಬಹುದು. 1979ರ ಆಗಸ್ಟ್ 10ರಂದು ಶ್ರೀಹರಿಕೋಟಾದಿಂದ ಹಾರಿದ ಎಸ್‌ಎಲ್‌ವಿ-3 ರಾಕೆಟ್ ಸಮುದ್ರಕ್ಕೆ ಬಿತ್ತು. ಯೋಜನೆಯ ನಿರ್ದೇಶಕ ಕಲಾಂ. ಆದರೆ ಪತ್ರಿಕೆಯವರ ಮುಂದೆ ಕೂತು ಹೊಣೆ ಹೊತ್ತದ್ದು ಇಸ್ರೋ ಅಧ್ಯಕ್ಷ ಸತೀಶ್ ಧವನ್, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರೂ ಆಗಿದ್ದವರು. 1980ರ ಜುಲೈ 18ರಂದು ಉಡಾವಣೆ ಯಶಸ್ವಿಯಾದಾಗ ಪತ್ರಿಕಾಗೋಷ್ಠಿ ನಡೆಸು ಎಂದು ಕಲಾಂ ಅವರನ್ನೇ ಮುಂದೆ ಕಳುಹಿಸಿದರು. ಆ ಎರಡು ದಿನ ಧವನ್ ರಾಕೆಟ್ ಬಗ್ಗೆ ಏನನ್ನೂ ಕಲಿಸಲಿಲ್ಲ.

ಕ್ರಿಕೆಟ್ ಪ್ರಿಯರಿಗೆ ಒಂದು ಮಾತು. 2021ರ ಟಿ20 ವಿಶ್ವಕಪ್ಪಿಗೆ ಭಾರತ ತಂಡದ ಜೊತೆ ರವಿ ಶಾಸ್ತ್ರಿ ಕೋಚ್ ಆಗಿ, ಮಹೇಂದ್ರ ಸಿಂಗ್ ಧೋನಿ ಮೆಂಟರ್ ಆಗಿ ಹೋಗಿದ್ದರು. ಎರಡೂ ಪದಗಳು ಒಂದೇ ತಂಡದಲ್ಲಿ! ತಂಡ ಸೆಮಿಫೈನಲ್ ತಲುಪಲಿಲ್ಲ. ಒಂದೇ ಟೂರ್ನಿಯಷ್ಟು ಕಾಲದ ಮೆಂಟರಿಂಗ್ ಎಷ್ಟು ನಾಟುತ್ತದೆ ಎಂಬ ಅನುಮಾನ ನನ್ನದು. ನನ್ನ ತಮ್ಮ ಇದನ್ನು ಒಪ್ಪುವುದಿಲ್ಲ.

ನಮ್ಮ ವಾಣಿಜ್ಯದವರಿಗೆ ಹತ್ತಿರದ ಉದಾಹರಣೆ ಸಿಎ ಓದಿನಲ್ಲೇ ಇದೆ. ಇಂಟರ್‌ಮೀಡಿಯೆಟ್‌ನ ಎರಡೂ ಗುಂಪು ಪಾಸಾದವರು ಒಬ್ಬ ಸಿಎ ಕೈಕೆಳಗೆ ಆರ್ಟಿಕಲ್‌ಶಿಪ್ ಮಾಡಬೇಕು. ಮೊದಲು ಮೂರು ವರ್ಷ ಇತ್ತು, ಹೊಸ ಪದ್ಧತಿಯಲ್ಲಿ ಎರಡು ವರ್ಷ. ಅಲ್ಲಿ ಯಾರ ಕೈಕೆಳಗೆ ಸೇರುತ್ತೇವೋ ಅವರನ್ನು ಪ್ರಿನ್ಸಿಪಾಲ್ ಎನ್ನುತ್ತಾರೆ. ಅವರು ಕೆಲಸವನ್ನೂ ಕಲಿಸಬಹುದು, ದಾರಿಯನ್ನೂ ತೋರಿಸಬಹುದು, ಅಥವಾ ಎರಡು ವರ್ಷ ಬರೀ ಬಿಲ್ಲು ಎಂಟ್ರಿ ಮಾಡಿಸಲೂಬಹುದು. ಅದಕ್ಕೇ ಖಾಲಾ ಹೇಳಿದ್ದು, ಆಫೀಸು ದೊಡ್ಡದಾ ಚಿಕ್ಕದಾ ಎಂದು ಕೇಳುವುದಕ್ಕಿಂತ ಹಿಂದಿನ ವರ್ಷ ಅಲ್ಲಿದ್ದವರನ್ನು ಹುಡುಕಿ ಮಾತಾಡಿಸು ಎಂದು.

ಮೆಂಟರ್ ಎಂದ ಕೂಡಲೇ ಎಲ್ಲವೂ ಒಳ್ಳೆಯದೇ ಎಂದಲ್ಲ. ಬಂಧುಬಳಗದಲ್ಲಿ ಸಲಹೆ ಕೊಡುವವರಿಗೆ ಬರವಿಲ್ಲ. ತಾವು ಆಗದೇ ಹೋದದ್ದನ್ನು ನಮ್ಮಿಂದ ಮಾಡಿಸಲು ಹೊರಡುವವರಿದ್ದಾರೆ, ನಮ್ಮನ್ನು ತಮ್ಮ ಜೆರಾಕ್ಸ್ ಮಾಡಲು ಹೊರಡುವವರೂ ಇದ್ದಾರೆ. ಇನ್ನು ಹುಡುಗಿಯರಿಗೆ ಒಂದು ಮಾತು: ಮನೆಯವರಿಗೆ ಗೊತ್ತಿಲ್ಲದ ಜಾಗದಲ್ಲಿ, ಗೊತ್ತಿಲ್ಲದ ಹೊತ್ತಿನಲ್ಲಿ ಮಾರ್ಗದರ್ಶನ ಕೊಡುತ್ತೇನೆ ಎನ್ನುವವರು ಮೆಂಟರ್ ಅಲ್ಲ. ಅಮ್ಮಿ ಮೊದಲ ದಿನ ಜೊತೆಗೆ ಬಂದದ್ದರಿಂದ ನನಗೆ ಅವಮಾನವೇನೂ ಆಗಲಿಲ್ಲ.

ಕೋಚಿಂಗ್ ಹುಡುಕಬೇಕಾಗಿಲ್ಲ, ಅದರ ಬ್ಯಾನರ್ ಪ್ರತಿ ವೃತ್ತದಲ್ಲೂ ಇದೆ. ಮೆಂಟರಿಂಗ್‌ಗೆ ಬ್ಯಾನರ್ ಇಲ್ಲ. ತಂದೆಯೋ ಅಣ್ಣನೋ ಸಿಎ, ಲಾಯರ್, ಅಧಿಕಾರಿ ಆಗಿರುವ ಮನೆಗಳಲ್ಲಿ ಅದು ಊಟದ ಹೊತ್ತಿನಲ್ಲೇ ಸಿಗುತ್ತದೆ. ನಮ್ಮಂತೆ ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತಿದವರು ಎದ್ದು ಹೋಗಿ ಕೇಳಬೇಕು. ಕೇಳುವುದು ಹೇಗೆ ಎಂಬುದರಲ್ಲಿ ನಾನು ಕಲಿತದ್ದು ಇಷ್ಟು. “ನೀವು ನನ್ನ ಮೆಂಟರ್ ಆಗ್ತೀರಾ?” ಎಂದು ಕೇಳಿದರೆ ಯಾರಾದರೂ ಗಾಬರಿಯಾಗುತ್ತಾರೆ. “ನಿಮ್ಮ ಕೆಲಸದ ಬಗ್ಗೆ ಅರ್ಧ ಗಂಟೆ ಮಾತಾಡಬಹುದಾ?” ಎಂದರೆ ಇಲ್ಲ ಎನ್ನುವವರು ಕಡಿಮೆ. ಹೋಗುವಾಗ ಮೂರು ಪ್ರಶ್ನೆ ಬರೆದುಕೊಂಡು ಹೋಗಿ. ಅವರು ಹೇಳಿದ್ದರಲ್ಲಿ ಒಂದನ್ನಾದರೂ ಮಾಡಿ, ಏನಾಯಿತು ಎಂದು ಮತ್ತೆ ಹೋಗಿ ಹೇಳಿ. ನಾನು ಎರಡನೇ ಸಲ ಹೋದದ್ದಕ್ಕೇ ಖಾಲಾಗೆ ಹೆಚ್ಚು ಸಂತೋಷವಾಗಿತ್ತು, ಗುಡ್‌ವಿಲ್ ಲೆಕ್ಕ ಬರದಿದ್ದರೂ.

ನನ್ನದು ಇನ್ನೂ ಪೂರ್ತಿ ತೀರ್ಮಾನವಾಗಿಲ್ಲ. ಸರ್ ಹತ್ತಿರ ಬೆಳಗಿನ ಬ್ಯಾಚಿನ ಬಗ್ಗೆ ಕೇಳಿದ್ದೇನೆ, ಹತ್ತು ಜನ ಸೇರಿದರೆ ಶುರು ಮಾಡುತ್ತಾರಂತೆ. ಆಸಕ್ತಿ ಇರುವವರು ನನ್ನ ಹತ್ತಿರ ಹೆಸರು ಕೊಡಬಹುದು, ಸದ್ಯಕ್ಕೆ ಆರು ಜನ ಇದ್ದೇವೆ. ಕಳೆದ ಸೋಮವಾರ ಮೇಡಂ ಮೆಂಟರ್ ಫಾರಂ ಮತ್ತೊಮ್ಮೆ ಹಂಚಿದರು. ಕೊನೆಯ ಕಾಲಮ್ಮಿನಲ್ಲಿ ಈ ಸಲ ಎರಡು ಸಾಲು ಬರೆದು ಕೊಟ್ಟೆ. ಅವರು ಓದಿ, ಮಡಚಿ ಪರ್ಸಿನಲ್ಲಿಟ್ಟುಕೊಂಡು, ಗುರುವಾರ ಊಟದ ಬಿಡುವಿನಲ್ಲಿ ಸ್ಟಾಫ್ ರೂಮಿಗೆ ಬಾ ಎಂದಿದ್ದಾರೆ.